ಘಾಟಿಲ್ಲದ ಹೊಗೆ: ಕಂಪಾಸ್ ಪೆಟ್ಟಿಗೆಯಿಂದ ಬಿದ್ದ ವೇಪ್

ಕಳೆದ ವರ್ಷದ ಮಾತು. ಮಧ್ಯಾಹ್ನದ ಪೀರಿಯಡ್, ಒಂಬತ್ತನೇ ತರಗತಿ. ಹುಡುಗನೊಬ್ಬನ ಕಂಪಾಸ್ ಪೆಟ್ಟಿಗೆ ಬೆಂಚಿನಿಂದ ಜಾರಿ ಬಿದ್ದು ಒಳಗಿದ್ದದ್ದೆಲ್ಲ ನನ್ನ ಕಾಲಬುಡಕ್ಕೆ ಚೆಲ್ಲಿತು. ಕೋನಮಾಪಕ, ಮೊಂಡು ಪೆನ್ಸಿಲ್, ಒಂದೆರಡು ನಾಣ್ಯ, ಒಂದು ಹೈಲೈಟರ್. ಹೈಲೈಟರ್ ಎತ್ತಿಕೊಟ್ಟವಳು ಕೊಡುವ ಮೊದಲು ಒಮ್ಮೆ ನೋಡಿದೆ. ಪುದೀನಾ ಬಣ್ಣ, ಚಪ್ಪಟೆ ಮೈ, ತೋರುಬೆರಳಿಗಿಂತ ತುಸು ಉದ್ದ. ಒಂದು ತುದಿಗೆ ಪೀಪಿಯಂಥ ಬಾಯಿ, ಇನ್ನೊಂದು ತುದಿಗೆ ಮೊಬೈಲ್ ಚಾರ್ಜರ್ ಸಿಕ್ಕಿಸುವ ತೂತು.

"ಏನೋ ಇದು?"

"ಹೈಲೈಟರ್ ರೀ ಮೇಡಂ."

"ಹಂಗಾರ ಒಂದು ಗೆರಿ ಎಳಿ ನೋಡೂಣು."

ಅವನು ತಲೆ ತಗ್ಗಿಸಿದ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಲ್ಲಿಗೆ ಅದು ಏನೆಂದು ಇಡೀ ತರಗತಿಗೆ ಗೊತ್ತಿದೆ, ನನಗೊಬ್ಬಳಿಗೇ ಗೊತ್ತಿಲ್ಲ ಎನ್ನುವುದು ತಿಳಿಯಿತು.

ಹುಬ್ಬಳ್ಳಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತ ಇಪ್ಪತ್ತು ವರ್ಷ ದಾಟಿತು. ಬಾತ್‌ರೂಮಿನ ಹಿಂದೆ ಬೀಡಿ ಮೋಟು ಸಿಕ್ಕಿದ್ದುಂಟು, ಪುಸ್ತಕದ ರಟ್ಟಿನೊಳಗೆ ಗುಟ್ಕಾ ಚೀಟಿ ಸಿಕ್ಕಿದ್ದುಂಟು. ಪ್ರತಿ ಸಲವೂ ಮೊದಲು ಗೊತ್ತಾಗುತ್ತಿದ್ದದ್ದು ಮೂಗಿಗೆ. ಈ ಸಲ ಮೂಗಿಗೆ ಏನೂ ಬಡಿಯಲಿಲ್ಲ. ಮರುದಿನ ಬಂದ ಆ ಹುಡುಗನ ತಾಯಿಯೂ ಅದನ್ನೇ ಅಂದರು: "ಸಿಗರೇಟ್ ವಾಸನಿ ಒಂದಿನಾನೂ ಬಂದಿಲ್ರೀ ಮೇಡಂ. ಅವನ ಅಂಗಿ ನಾನ ಒಗಿಯಾಕಿ. ಮಾವಿನಹಣ್ಣಿನ ವಾಸನಿ ಬರ್ತಿತ್ತು, ಚೂಯಿಂಗ್ ಗಮ್ ತಿಂದಾನಂತ ಸುಮ್ನಾಗಿದ್ದೆ."

ಅದು ಏನು, ಅದರಿಂದ ಏನಾಗುತ್ತದೆ ಎಂದು ಆ ತಾಯಿ ಕೇಳಿದಾಗ ನನ್ನ ಬಾಯಿಂದ ಬಂದದ್ದು ತೊದಲು ಮಾತು. ಅದು ವೇಪ್, ಅಂದರೆ ಬ್ಯಾಟರಿಯಿಂದ ನಡೆಯುವ ಇ-ಸಿಗರೇಟು. ಆಮೇಲೆ ಓದಿ, ಬಿಚ್ಚಿ ನೋಡಿ, ತಿಳಿದವರನ್ನು ಕೇಳಿ ಗೊತ್ತು ಮಾಡಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಿಚ್ಚಿದಾಗ ಒಳಗೆ ಇದ್ದದ್ದು

ನಮ್ಮ ಭೌತಶಾಸ್ತ್ರದ ಸರ್ ಲ್ಯಾಬಿನಲ್ಲಿ ಕೈಗವಸು ಹಾಕಿಕೊಂಡು ಅದನ್ನು ಬಿಚ್ಚಿದರು. ಮನೆಯಲ್ಲಿ ಯಾರೂ ಈ ಸಾಹಸಕ್ಕೆ ಹೋಗಬೇಡಿ. ಒಳಗಿರುವುದು ಲಿಥಿಯಂ ಬ್ಯಾಟರಿ, ಸ್ಕ್ರೂಡ್ರೈವರ್ ತಾಗಿ ತೂತಾದರೆ ಬೆಂಕಿ ಹತ್ತುತ್ತದೆ.

ಅರ್ಧ ಬೆರಳುದ್ದದ ಬೆಳ್ಳಿಬಣ್ಣದ ಬ್ಯಾಟರಿ. ಅದಕ್ಕಂಟಿಕೊಂಡು ಅಂಗಿಯ ಗುಂಡಿಯಷ್ಟು ದೊಡ್ಡ ಒಂದು ಬಿಲ್ಲೆ, ಮೊಬೈಲಿನ ಮೈಕ್ ಇದ್ದ ಹಾಗೆ. ಅದೇ ಇದರ ಸ್ವಿಚ್ಚು. ಬಾಯಿಟ್ಟು ಎಳೆದರೆ ಒಳಗಿನ ಗಾಳಿಯ ಒತ್ತಡ ಇಳಿಯುತ್ತದೆ, ಬಿಲ್ಲೆಗೆ ಅದು ಗೊತ್ತಾಗಿ ಕರೆಂಟು ಹರಿಯುತ್ತದೆ. ಗುಂಡಿ ಒತ್ತುವ ಕೆಲಸವಿಲ್ಲ, ಕಡ್ಡಿ ಗೀರುವ ಕೆಲಸವಂತೂ ಇಲ್ಲವೇ ಇಲ್ಲ. ಬ್ಯಾಟರಿಯ ಪಕ್ಕದಲ್ಲಿ ದ್ರವ ಹೀರಿ ತೊಯ್ದು ತೊಪ್ಪೆಯಾದ ಸ್ಪಂಜು, ಅದರ ನಟ್ಟನಡುವೆ ಹತ್ತಿಯ ಬತ್ತಿ, ಬತ್ತಿಗೆ ಸುತ್ತಿದ ತಂತಿಯ ಸುರುಳಿ. ದೇವರ ಮುಂದಿನ ದೀಪ ನೆನಪಾಯಿತು. ಎಣ್ಣೆ, ಬತ್ತಿ ಎಲ್ಲ ಇದೆ, ಉರಿ ಒಂದಿಲ್ಲ.

ಸರ್ ಮೀಟರ್ ಹಚ್ಚಿ ನೋಡಿದರು. ಬ್ಯಾಟರಿ 3.7 ವೋಲ್ಟ್, ಸುರುಳಿಯ ರೋಧ 1.2 ಓಮ್. ವಿದ್ಯುತ್ತು ಹರಿದರೆ ತಂತಿ ಬಿಸಿಯಾಗುತ್ತದೆ ಎನ್ನುವುದು ಹತ್ತನೇ ತರಗತಿಯ ಪಾಠ. ಲೆಕ್ಕ ಹಾಕಿದರೆ 11 ವ್ಯಾಟ್ ಚಿಲ್ಲರೆ. ಮನೆಯ ಎಲ್‌ಇಡಿ ಬಲ್ಬು 9 ವ್ಯಾಟಿನದಿರುತ್ತದೆ. ಒಂದು ಕೋಣೆ ಬೆಳಗುವ ಬಲ್ಬಿಗಿಂತ ಹೆಚ್ಚಿನ ಶಕ್ತಿ ಭತ್ತದ ಕಾಳಿನಷ್ಟು ಜಾಗದಲ್ಲಿ ಖರ್ಚಾದರೆ ಏನಾಗಬೇಕೋ ಅದೇ ಆಗುತ್ತದೆ: ಸುರುಳಿ 200 ಡಿಗ್ರಿ ಮುಟ್ಟುತ್ತದೆ, ದ್ರವ ಕುದಿದು ಮೇಲೇಳುತ್ತದೆ, ಬಾಯಿಗೆ ಬರುವಷ್ಟರಲ್ಲಿ ತಣಿದು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗುತ್ತದೆ. ಆ ಹನಿಗಳ ಗುಂಪೇ ಬಿಳಿ ಮೋಡವಾಗಿ ಕಾಣುವುದು.

ಹುಡುಗರು ಇದನ್ನು "ಬರೇ ಆವಿ, ಬರೇ ನೀರು" ಅನ್ನುತ್ತಾರೆ. ಆವಿಗೆ ಇಂಗ್ಲಿಷಿನಲ್ಲಿ ವೇಪರ್ ಅನ್ನುತ್ತಾರೆ, ಅದರಿಂದ ಬಂದ ವೇಪ್ ಎಂಬ ಹೆಸರೇ ಆ ತಪ್ಪು ಕಲ್ಪನೆ ಹುಟ್ಟಿಸುತ್ತದೆ. ಇಡ್ಲಿ ಪಾತ್ರೆಯಿಂದ ಏಳುವುದು ಆವಿ. ಇದರಲ್ಲಿ ಏಳುವುದು ಎಣ್ಣೆಯಂತೆ ಜಿಗುಟಾದ ದ್ರವದ ತುಂತುರು. ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಹಣ್ಣಿನದೋ ಪುದೀನಾದ್ದೋ ಒಂದು ಫ್ಲೇವರ್, ತಂಬಾಕಿನ ಚಟ ಹತ್ತಿಸುವ ನಿಕೋಟಿನ್, ಇಷ್ಟು ಆ ದ್ರವದಲ್ಲಿರುವುದು. ಗ್ಲಿಸರಿನ್ ಕೆಮ್ಮಿನ ಸಿರಪ್ಪಿನಲ್ಲಿ, ಒಡೆದ ತುಟಿಗೆ ಹಚ್ಚುವ ಕ್ರೀಮಿನಲ್ಲಿ ಇರುತ್ತದೆ. ಗ್ಲೈಕಾಲ್ ಅನ್ನು ನೀವು ಗಣಪತಿ ಮೆರವಣಿಗೆಯಲ್ಲಿ ಡಿಜೆ ಮುಂದೆ ನೋಡಿರುತ್ತೀರಿ. ಅಲ್ಲಿ ಮಷೀನಿನಿಂದ ಬುಸ್ಸೆಂದು ಬಿಡುವ ಬಿಳಿ ಹೊಗೆಯ ದ್ರವ ಬಹಳ ಸಲ ಅದೇ.

"ಊಟದಾಗ ಹಾಕೂ ಸಾಮಾನ ಐತಲ್ರಿ ಮೇಡಂ, ಏನಾಗ್ತೈತಿ?" ಎಂದು ಆ ಹುಡುಗ ಕೇಳಿದ್ದ. ಪ್ರಶ್ನೆ ದಡ್ಡತನದ್ದೇನಲ್ಲ. ಆದರೆ ಉಣ್ಣುವ ದಾರಿ ಬೇರೆ, ಉಸಿರಿನ ದಾರಿ ಬೇರೆ. ಕುಡಿಯುವ ನೀರೇ ಒಂದು ಗುಟುಕು ದಾರಿ ತಪ್ಪಿ ನೆತ್ತಿಗೇರಿದರೆ ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮುತ್ತೇವೆ. ಹೊಟ್ಟೆಗೆ ಆಮ್ಲವಿದೆ, ಯಕೃತ್ತಿದೆ, ಹೊರಹಾಕುವ ವ್ಯವಸ್ಥೆ ಇದೆ. ಶ್ವಾಸಕೋಶದ ಗಾಳಿಚೀಲದ ಗೋಡೆ ಕಾಗದಕ್ಕಿಂತ ಎಷ್ಟೋ ಪಟ್ಟು ತೆಳು, ಅದರಾಚೆ ನೇರ ರಕ್ತ. 2000ದ ಸುಮಾರಿಗೆ ಅಮೆರಿಕದ ಮಿಸೌರಿಯಲ್ಲಿ ಪಾಪ್‌ಕಾರ್ನ್ ಕಾರ್ಖಾನೆಯ ಕೆಲಸಗಾರರಿಗೆ ಸರಿಯಾಗದ ಉಸಿರಾಟದ ಕಾಯಿಲೆ ಬಂತು. ಬೆಣ್ಣೆಯ ಸುವಾಸನೆಗೆ ಬಳಸುತ್ತಿದ್ದ ಡೈಅಸಿಟೈಲ್ ಅದಕ್ಕೆ ಕಾರಣ. ತಿಂದವರಿಗೆ ಏನೂ ಆಗಲಿಲ್ಲ, ದಿನಾ ಅದರ ಹಬೆ ಉಸಿರಾಡಿದವರ ಶ್ವಾಸನಾಳದ ತುದಿಗಳು ಮುಚ್ಚಿಹೋದವು. ವೇಪ್ ಎಳೆದವರಿಗೆಲ್ಲ ಇದೇ ಕಾಯಿಲೆ ಬರುತ್ತದೆ ಎಂದು ವಾಟ್ಸಾಪ್‌ನಲ್ಲಿ ಓಡಾಡುವ ಮಾತು ಮಾತ್ರ ಉತ್ಪ್ರೇಕ್ಷೆ. ಮಕ್ಕಳ ಮುಂದೆ ಅಂಥ ಮಾತು ಆಡಿದರೆ ಅವರು ಗೂಗಲ್ ಮಾಡಿ ನಮ್ಮನ್ನೇ ಸುಳ್ಳರೆನ್ನುತ್ತಾರೆ, ಆಮೇಲೆ ನಿಜ ಹೇಳಿದರೂ ಕೇಳುವುದಿಲ್ಲ. ನಿಜವೇ ಸಾಕಷ್ಟಿದೆ: ಸುರುಳಿ ಹೆಚ್ಚು ಕಾದರೆ ಫಾರ್ಮಾಲ್ಡಿಹೈಡ್, ಅಕ್ರೋಲೀನ್ ಎಂಬ ವಿಷಗಳು ಹುಟ್ಟುತ್ತವೆ, ತಂತಿ ಮತ್ತು ಬೆಸುಗೆಯಿಂದ ನಿಕ್ಕಲ್, ಕ್ರೋಮಿಯಂ, ಸೀಸ ಹನಿಯ ಜೊತೆ ಒಳಗೆ ಹೋಗುತ್ತವೆ.

ಅಜ್ಜನ ಸುಣ್ಣದ ಡಬ್ಬಿ

ಇಷ್ಟಾದರೂ ಒಂದು ಪ್ರಶ್ನೆ ಬಗೆಹರಿದಿರಲಿಲ್ಲ. ಮೊದಲ ಬೀಡಿ ಸೇದಿದ ಯಾವನನ್ನಾದರೂ ಕೇಳಿ, ಕೆಮ್ಮಿ ಕೆಮ್ಮಿ ಸಾಕಾಯಿತು, ತಲೆ ಸುತ್ತಿತು ಅಂತಲೇ ಹೇಳುತ್ತಾನೆ. ಈ ಹುಡುಗರು ಕೆಮ್ಮುವುದೇ ಇಲ್ಲವಲ್ಲ, ಏಕೆ?

ಉತ್ತರ ಸಿಕ್ಕಿದ್ದು ನಮ್ಮ ಅಜ್ಜನ ಚಂಚಿಯಲ್ಲಿ. ಗದಗ ಕಡೆಯ ಹಳ್ಳಿ ನಮ್ಮದು. ಅಜ್ಜ ಕಟ್ಟೆಯ ಮೇಲೆ ಕೂತು ಎಡ ಅಂಗೈಯಲ್ಲಿ ತಂಬಾಕು ಹಾಕಿಕೊಂಡು, ಡಬ್ಬಿಯಿಂದ ಬೆರಳ ತುದಿಯಷ್ಟು ಸುಣ್ಣ ತೆಗೆದು ಹೆಬ್ಬೆರಳಿನಿಂದ ತಿಕ್ಕಿ ತಿಕ್ಕಿ ಬಾಯಿಗೆ ಹಾಕುತ್ತಿದ್ದ. "ಸುಣ್ಣ ಇಲ್ಲಂದ್ರ ತಂಬಾಕು ಏರೂದಿಲ್ಲ" ಅನ್ನುತ್ತಿದ್ದ. ಅದು ಶುದ್ಧ ರಸಾಯನಶಾಸ್ತ್ರ. ಎಲೆಯೊಳಗಿನ ನಿಕೋಟಿನ್ ಆಮ್ಲಗಳ ಜೊತೆ ಕಟ್ಟಿಕೊಂಡು ಲವಣವಾಗಿ ಕೂತಿರುತ್ತದೆ. ಸುಣ್ಣ ಪ್ರತ್ಯಾಮ್ಲ, ಆ ಕಟ್ಟು ಬಿಚ್ಚುತ್ತದೆ. ಬಿಡುಗಡೆಯಾದ ನಿಕೋಟಿನ್ ಕೆನ್ನೆಯ ಒಳಚರ್ಮ ದಾಟಿ ರಕ್ತ ಸೇರುತ್ತದೆ. ಆದರೆ ಬಿಡುಗಡೆಯಾದ ನಿಕೋಟಿನ್‌ಗೆ ಘಾಟು ಬಹಳ. ಬಾಯಲ್ಲಿ ಉರಿ, ಗಂಟಲಿಗೆ ಹೋದರೆ ಗುದ್ದಿದ ಹಾಗೆ.

ಮೊದಲ ಕಾಲದ ಇ-ಸಿಗರೇಟುಗಳಲ್ಲಿ ಇದ್ದದ್ದು ಈ ಬಿಡಿ ನಿಕೋಟಿನ್. ಪ್ರಮಾಣ ಹೆಚ್ಚಿಸಿದರೆ ಗಂಟಲು ಒಪ್ಪುತ್ತಿರಲಿಲ್ಲ, ಹಾಗಾಗಿ ತಾನಾಗಿಯೇ ಒಂದು ಮಿತಿ ಇತ್ತು. 2015ರಲ್ಲಿ ಅಮೆರಿಕದಲ್ಲಿ ಜೂಲ್ ಎಂಬ ಪೆನ್‌ಡ್ರೈವ್ ಆಕಾರದ ಸಾಧನ ಮಾರುಕಟ್ಟೆಗೆ ಬಂತು. ಅದನ್ನು ಮಾಡಿದವರು ಅಜ್ಜನ ಕೆಲಸವನ್ನು ತಿರುಗುಮುರುಗು ಮಾಡಿದರು. ಸುಣ್ಣದ ಬದಲು ಆಮ್ಲ ಹಾಕಿದರು, ಬೆಂಜೊಯಿಕ್ ಆಮ್ಲ. ಶರಬತ್ತು, ಉಪ್ಪಿನಕಾಯಿ ಕೆಡದಿರಲೆಂದು ಹಾಕುವ ಸೋಡಿಯಂ ಬೆಂಜೊಯೇಟ್ ಇದರ ಮನೆಯದೇ. ಆಮ್ಲ ಬೆರೆತ ನಿಕೋಟಿನ್ ಮತ್ತೆ ಲವಣವಾಗುತ್ತದೆ, ಘಾಟು ಹೋಗುತ್ತದೆ. ಬಾಯಿ-ಗಂಟಲಿನಲ್ಲಿ ತಡೆಯಿಲ್ಲದೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ, ಅಲ್ಲಿಂದ ರಕ್ತಕ್ಕೆ. ಇವತ್ತು ಹುಡುಗರ ಕೈಯಲ್ಲಿರುವ ಬಹುತೇಕ ವೇಪ್‌ಗಳಲ್ಲಿ ಇರುವುದು ಈ ನಿಕೋಟಿನ್ ಲವಣವೇ.

ಬ್ಯಾಡಗಿ ಮೆಣಸಿನಕಾಯಿ ತಿಂದವರಿಗೆ ಇದು ಬೇಗ ಹೊಳೆಯುತ್ತದೆ. ಗುಂಟೂರಿನ ಕಾಯಿ ಹುರಿಯಲು ಇಟ್ಟರೆ ಅಡಿಗೆಮನೆಯಲ್ಲಷ್ಟೇ ಅಲ್ಲ, ಅರ್ಧ ಓಣಿಯಲ್ಲಿ ಕೆಮ್ಮು. ಎರಡು ಕಾಯಿ ಜಾಸ್ತಿ ಬಿದ್ದರೂ ನಾಲಿಗೆ ಕೈ ಹಿಡಿದು ನಿಲ್ಲಿಸುತ್ತದೆ. ಬ್ಯಾಡಗಿಯದು ಹಾಗಲ್ಲ, ಮುಷ್ಟಿ ತುಂಬ ಹಾಕಿದರೂ ಸಾರು ಕೆಂಪಾಗುತ್ತದೆಯೇ ಹೊರತು ಕಣ್ಣಲ್ಲಿ ನೀರು ಬರುವುದಿಲ್ಲ. ನಿಕೋಟಿನ್ ಲವಣ ಬ್ಯಾಡಗಿಯ ವೇಷ ಹಾಕಿದ ಗುಂಟೂರು ಕಾಯಿ. ಬಾಯಿಗೆ ಬ್ಯಾಡಗಿ, ರಕ್ತಕ್ಕೆ ಗುಂಟೂರು. ಖಾರ ಒಂದಿಷ್ಟೂ ಕಡಿಮೆಯಾಗಿಲ್ಲ, ಘಾಟು ಮಾತ್ರ ಮುಚ್ಚಿಟ್ಟಿದೆ.

ಕೆಮ್ಮು ದೇಹದ ಕಾವಲುಗಾರ. ವಾಸನೆ ಮನೆಯವರ ಕಾವಲುಗಾರ. ಈ ಸಾಧನ ಮೊದಲನೆಯದನ್ನು ಆಮ್ಲದಿಂದ, ಎರಡನೆಯದನ್ನು ಮಾವಿನಹಣ್ಣಿನಿಂದ ಮಲಗಿಸುತ್ತದೆ. ಇದರ ವಿಷಯದಲ್ಲಿ ನನಗೆ ಅತ್ಯಂತ ಸಿಟ್ಟು ಬರುವುದು ಇಲ್ಲೇ. ಬೀಡಿ ತನ್ನ ಕೆಟ್ಟತನವನ್ನು ತಾನೇ ಸಾರಿಕೊಂಡು ಬರುತ್ತಿತ್ತು.

ಮೋಟೇ ಇಲ್ಲದ ಬೀಡಿ

ಒಂದು ಸಿಗರೇಟು ಸೇದಿದರೆ ದೇಹಕ್ಕೆ ಸೇರುವ ನಿಕೋಟಿನ್ ಹೆಚ್ಚುಕಡಿಮೆ ಒಂದರಿಂದ ಒಂದೂವರೆ ಮಿಲಿಗ್ರಾಂ. ಜೂಲ್‌ನ ಒಂದು ಪಾಡ್‌ನಲ್ಲಿ, ಅಂದರೆ ದ್ರವ ತುಂಬಿದ ಪುಟ್ಟ ಡಬ್ಬಿಯಲ್ಲಿ, ಇದ್ದದ್ದು 0.7 ಮಿಲಿಲೀಟರ್ ದ್ರವ, ಸುಮಾರು 40 ಮಿಲಿಗ್ರಾಂ ನಿಕೋಟಿನ್. ಇದು 20 ಸಿಗರೇಟಿನ ಒಂದು ಪ್ಯಾಕಿಗೆ ಸಮ ಎಂದು ಕಂಪನಿಯೇ ಹೇಳಿತ್ತು. ನಮ್ಮ ಕೈಗೆ ಸಿಕ್ಕ ಪುದೀನಾ ಬಣ್ಣದ್ದರ ಮೈಮೇಲೆ 2 ಮಿಲಿಲೀಟರ್, ಶೇ 5 ಎಂದು ಬರೆದಿತ್ತು. ಆ ಲೆಕ್ಕಕ್ಕೆ 100 ಮಿಲಿಗ್ರಾಂ ಆಯಿತು, ಎರಡೂವರೆ ಪ್ಯಾಕು. ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ ಮಿಲಿಲೀಟರಿಗೆ 20 ಮಿಲಿಗ್ರಾಂ ಮೀರುವಂತಿಲ್ಲ, ಅಂದರೆ ಶೇ 2. ಕಳ್ಳದಾರಿಯಲ್ಲಿ ಬಂದ ಮಾಲಿನ ಲೇಬಲ್ಲನ್ನು ನಂಬುವುದೂ ಅಷ್ಟಕ್ಕಷ್ಟೇ ಅನ್ನಿ.

ಬೀಡಿಗೆ ಒಂದು ಕೊನೆಯಿದೆ. ಸುಟ್ಟು ಸುಟ್ಟು ಮೋಟಾಗುತ್ತದೆ, ಬೆರಳು ಸುಡುತ್ತದೆ, ಒಗೆಯಬೇಕು. ಇನ್ನೊಂದು ಬೇಕೆಂದರೆ ಮತ್ತೆ ಕಿಸೆಗೆ ಕೈ ಹಾಕಬೇಕು, ಮರೆಗೆ ಹೋಗಬೇಕು. ವೇಪ್‌ಗೆ ಮೋಟೇ ಇಲ್ಲ. ಹೊದಿಕೆಯೊಳಗೆ ಎರಡು ಸಲ, ಬಾತ್‌ರೂಮಿನಲ್ಲಿ ಮೂರು ಸಲ, ಬಸ್ಸಿನ ಹಿಂದಿನ ಸೀಟಿನಲ್ಲಿ ತೋಳಿನೊಳಗೆ ಊದಿ ಒಂದು ಸಲ. "ದಿನಕ್ಕ ಎಷ್ಟು ಎಳಿತಿದ್ದಿ?" ಎಂದು ಕೇಳಿದರೆ ಆ ಹುಡುಗನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಸುಳ್ಳು ಹೇಳುತ್ತಿದ್ದಾನೆ ಅಂದುಕೊಂಡೆ. ಎಣಿಸಲು ಏನೂ ಉಳಿಯುವುದಿಲ್ಲ ಎನ್ನುವುದು ಆಮೇಲೆ ಹೊಳೆಯಿತು.

ಮೆದುಳಿನ ಮೀಟರ್ ಬಡ್ಡಿ

ಉಸಿರಿನಿಂದ ಹೋದ ನಿಕೋಟಿನ್ ಮೆದುಳು ಮುಟ್ಟಲು 10ರಿಂದ 20 ಸೆಕೆಂಡು ಸಾಕು. ಮೆದುಳಿನ ಜೀವಕೋಶಗಳ ಮೇಲೆ ಸಣ್ಣ ಸಣ್ಣ ಕೀಲಿಗಳಿವೆ ಎಂದುಕೊಳ್ಳಿ. ಅಸಿಟೈಲ್‌ಕೋಲಿನ್ ಎಂಬ, ನಮ್ಮ ದೇಹವೇ ಮಾಡಿಕೊಳ್ಳುವ ರಾಸಾಯನಿಕ ಅವುಗಳ ಅಸಲಿ ಕೀಲಿಕೈ. ನಿಕೋಟಿನ್ ನಕಲಿ ಕೀಲಿಕೈ, ಅದರಿಂದಲೂ ಬಾಗಿಲು ತೆರೆಯುತ್ತದೆ. ತೆರೆದಾಗ ಡೋಪಮಿನ್ ಎಂಬ ಇನ್ನೊಂದು ರಾಸಾಯನಿಕ ಚೆಲ್ಲುತ್ತದೆ, ಒಂದು ಕ್ಷಣ ಹಾಯೆನಿಸುತ್ತದೆ. ನಕಲಿ ಕೀಲಿಕೈ ದಿನಾ ನೂರು ಸಲ ತಿರುಗಿದರೆ ಮೆದುಳು ಇನ್ನಷ್ಟು ಕೀಲಿಗಳನ್ನು ಹೊಸದಾಗಿ ಕೂರಿಸಿಕೊಳ್ಳುತ್ತದೆ. ಈಗ ಅವೆಲ್ಲಕ್ಕೂ ಕೀಲಿಕೈ ಬೇಕು. ಸಿಗದಿದ್ದಾಗ ಸಿಡುಕು, ಚಡಪಡಿಕೆ, ತಲೆನೋವು, ಓದಿದ್ದು ತಲೆಗೆ ಹತ್ತದಿರುವುದು.

ನಿಕೋಟಿನ್ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಎರಡು ತಾಸು. ಮುಂಜಾನೆ 8.30ಕ್ಕೆ ಮನೆ ಬಿಡುವಾಗ ಕೊನೆಯ ದಮ್ಮು ಎಳೆದವನಿಗೆ 10.30ಕ್ಕೆ ಅರ್ಧ, 12.30ಕ್ಕೆ ಕಾಲುಭಾಗ ಉಳಿದಿರುತ್ತದೆ. ಮೂರನೇ ಪೀರಿಯಡ್ಡಿಗೆ ತಪ್ಪದೆ "ಬಾತ್‌ರೂಮಿಗೆ ಹೋಗಿ ಬರ್ಲ್ಯಾ ಮೇಡಂ" ಎಂದು ಏಳುತ್ತಿದ್ದವನ ನೆನಪಾಗಿ, ಅದನ್ನು ಮೂತ್ರದ ತೊಂದರೆ ಇರಬೇಕೆಂದು ಅವನ ಮನೆಗೆ ತಿಳಿಸಬೇಕೆಂದುಕೊಂಡಿದ್ದ ನನ್ನ ಮೇಲೆ ನನಗೇ ನಗು ಬಂತು.

ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಕೋಚಿಂಗಿಗೆ ಹೋಗುವ ಹುಡುಗರಿಂದ ಹಿಡಿದು ನಮ್ಮ ಎಸ್ಸೆಸ್ಸೆಲ್ಸಿಯವರ ತನಕ ಒಂದೇ ಸಮರ್ಥನೆ: "ಎಳದ್ರ ಓದಾಕ ಕಾನ್ಸಂಟ್ರೇಶನ್ ಬರ್ತೈತ್ರೀ." ಅವರಿಗೆ ಹಾಗೆ ಅನಿಸುವುದು ನಿಜ. ಆದರೆ ಆ ಏಕಾಗ್ರತೆಯನ್ನು ಕೆಡಿಸಿದ್ದು ಹಿಂದಿನ ದಮ್ಮು ಇಳಿದದ್ದು, ಈಗಿನ ದಮ್ಮು ಅದನ್ನು ಮೊದಲಿನ ಮಟ್ಟಕ್ಕೆ ತಂದು ನಿಲ್ಲಿಸುತ್ತದೆ ಅಷ್ಟೇ. ಹುಬ್ಬಳ್ಳಿಯವರಿಗೆ ಮೀಟರ್ ಬಡ್ಡಿ ಎಂದರೆ ಬಿಡಿಸಿ ಹೇಳಬೇಕಿಲ್ಲ. ಸಾಲ ತೀರಿಸಲೆಂದೇ ಸಾಲ, ಕಟ್ಟಿದ್ದೆಲ್ಲ ಬಡ್ಡಿಗೆ, ಅಸಲು ಹಾಗೇ ನಿಂತಿದೆ. ನಿಕೋಟಿನ್ ಕೊಡುವ ನೆಮ್ಮದಿ ಆ ಜಾತಿಯದು.

ಹದಿಹರೆಯದವರಲ್ಲಿ ಇದು ಬೇಗ ಬೇರೂರಲು ಕಾರಣವಿದೆ. ಮೆದುಳಿನ ಮುಂಭಾಗ, ಅಂದರೆ "ತಡಿ, ಯೋಚನೆ ಮಾಡು" ಎನ್ನುವ ಭಾಗ, ಬಲಿಯುವುದು ಕೊನೆಗೆ, ಹತ್ತಿರ ಹತ್ತಿರ 25ನೇ ವಯಸ್ಸಿಗೆ. ಹಸಿ ಗೋಡೆಯ ಮೇಲೆ ಕೈಯಿಟ್ಟ ಹಾಗೆ, ಆ ಮೊದಲು ಬಿದ್ದ ಗುರುತು ಗಟ್ಟಿಯಾಗಿ ಉಳಿಯುತ್ತದೆ.

"ಸಿಗರೇಟಿಗಿಂತ ಚಲೋ ಅಲ್ರೀ?"

ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಬಾರದು. ಇ-ಸಿಗರೇಟಿನ ಇಂದಿನ ರೂಪ ಹುಟ್ಟಿದ್ದು 2003ರಲ್ಲಿ, ಚೀನಾದ ಔಷಧ ತಜ್ಞ ಹೋನ್ ಲಿಕ್ ಅವರ ಕೈಯಲ್ಲಿ. ಅವರೇ ಸಿಗರೇಟು ಬಿಡಲಾಗದೆ ಒದ್ದಾಡುತ್ತಿದ್ದವರು, ಅವರ ತಂದೆ ತೀರಿಕೊಂಡದ್ದೂ ಶ್ವಾಸಕೋಶದ ಕ್ಯಾನ್ಸರಿನಿಂದ. ಎಲೆ ಸುಡದಿದ್ದರೆ ಟಾರ್ ಇಲ್ಲ, ಕಾರ್ಬನ್ ಮಾನಾಕ್ಸೈಡ್ ಇಲ್ಲ ಎನ್ನುವುದು ಸರಿ. ಇಪ್ಪತ್ತು ವರ್ಷದಿಂದ ದಿನಕ್ಕೊಂದು ಪ್ಯಾಕು ಸುಡುವವನು ಪೂರ್ತಿ ಇದಕ್ಕೆ ಬದಲಾದರೆ ವಿಷ ಕಡಿಮೆಯಾಗುತ್ತದೆ, ಇಂಗ್ಲೆಂಡಿನಲ್ಲಿ ವೈದ್ಯರೇ ಅಂಥವರಿಗೆ ಸಲಹೆ ಮಾಡುವುದುಂಟು. ಆದರೆ ನಮ್ಮ ಒಂಬತ್ತನೇ ತರಗತಿಯವನು ಏನನ್ನು ಬಿಟ್ಟು ಇದಕ್ಕೆ ಬಂದ? ಚೂಯಿಂಗ್ ಗಮ್ ಬಿಟ್ಟು. ಅವನ ಹೋಲಿಕೆ ಸಿಗರೇಟಿನ ಜೊತೆ ಅಲ್ಲ, ಚೊಕ್ಕಟ ಗಾಳಿಯ ಜೊತೆ.

ಒಳಗೇನಿದೆ ಎನ್ನುವುದು ಇನ್ನೊಂದು ಚಿಂತೆ. 2019ರಲ್ಲಿ ಅಮೆರಿಕದಲ್ಲಿ ವೇಪ್ ಎಳೆಯುತ್ತಿದ್ದ ಹುಡುಗರು ಇದ್ದಕ್ಕಿದ್ದಂತೆ ಉಸಿರುಗಟ್ಟಿ ಆಸ್ಪತ್ರೆ ಸೇರತೊಡಗಿದರು. 2020ರ ಫೆಬ್ರವರಿ ಹೊತ್ತಿಗೆ ಲೆಕ್ಕಕ್ಕೆ ಸಿಕ್ಕವರು 2,807, ಸತ್ತವರು 68. ಗಾಂಜಾದ ಸಾರ ತುಂಬಿದ ಕಳ್ಳಮಾಲಿನಲ್ಲಿ ದಪ್ಪ ಬರಲೆಂದು ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಮುಖ್ಯ ಅಪರಾಧಿ ಎಂದು ತಿಳಿಯಿತು. 2024ರಲ್ಲಿ ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದವರು 38 ಶಾಲೆಗಳಲ್ಲಿ ಮಕ್ಕಳಿಂದ ಕಿತ್ತುಕೊಂಡ 596 ವೇಪ್‌ಗಳನ್ನು ಪರೀಕ್ಷಿಸಿದರೆ, ಆರರಲ್ಲಿ ಒಂದರಲ್ಲಿ ಸ್ಪೈಸ್ ಎಂಬ ಕೃತಕ ಮಾದಕ ವಸ್ತು ಇತ್ತು. ಎಳೆದ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಅದು ಗೊತ್ತಿರಲಿಕ್ಕಿಲ್ಲ. ಕಾನೂನಿನ ನಿಗಾ ಇರುವ ಪೇಟೆಯ ಕಥೆಯೇ ಇದಾದರೆ, ಪೂರ್ತಿ ಕದ್ದು ಬರುವ ನಮ್ಮ ಮಾಲಿನ ಗತಿ ನೀವೇ ಯೋಚಿಸಿ.

ಎಷ್ಟು ಹೆದರಬೇಕು

ಪಾಲಕರ ಸಭೆಯಲ್ಲಿ ಈ ವಿಷಯ ತೆಗೆದಾಗ ಒಬ್ಬರು "ಎಲ್ಲಾ ಹುಡುಗ್ರೂ ಹಾಳಾಗ್ಯಾರ" ಎಂದು ಎದ್ದು ನಿಂತರು. ಹಾಗೇನಿಲ್ಲ. 2019ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 13ರಿಂದ 15 ವರ್ಷದ ಶಾಲಾ ಮಕ್ಕಳಲ್ಲಿ ಯಾವುದೋ ಒಂದು ಬಗೆಯ ತಂಬಾಕು ಬಳಸುತ್ತಿದ್ದವರು ಶೇ 8.5, ಒಮ್ಮೆಯಾದರೂ ಇ-ಸಿಗರೇಟು ಎಳೆದಿದ್ದವರು ಶೇ 2.8. ಅದರ ಮೇಲೆ ವರ್ಷಗಳು ಉರುಳಿವೆ ನಿಜ. ಆದರೂ ನಮ್ಮ ಕಡೆ ಇವತ್ತಿಗೂ ದೊಡ್ಡ ಶತ್ರು ಗುಟ್ಕಾವೇ ಎಂದು ನನ್ನ ಅಂದಾಜು. 2013ರ ಮೇ ತಿಂಗಳ ಕೊನೆಗೆ ಕರ್ನಾಟಕ ಗುಟ್ಕಾ ನಿಷೇಧಿಸಿತು. ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಒಂದು ಚೀಟಿ ಎಂದು ಬೇರೆ ಬೇರೆ ಮಾಡಿ, ಅಂಗಡಿಯವನು ಎರಡನ್ನೂ ಒಟ್ಟಿಗೆ ಕೊಡತೊಡಗಿದ. ತಿನ್ನುವವನು ಬಾಯಲ್ಲಿ ಕೂಡಿಸಿಕೊಳ್ಳುತ್ತಾನೆ. ವೇಪ್ ಹಿಡಿದ ಮಗನ ಮೇಲೆ ಕೂಗಾಡುವ ಅಪ್ಪನ ಅಂಗಿ ಕಿಸೆಯಲ್ಲಿ ಆ ಎರಡು ಚೀಟಿ ಇದ್ದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಏರಿದ್ದು ಇಳಿಯಲೂಬಹುದು. ಅಮೆರಿಕದಲ್ಲಿ 2019ರಲ್ಲಿ ಶಾಲಾ ಮಕ್ಕಳಲ್ಲಿ 50 ಲಕ್ಷಕ್ಕೂ ಹೆಚ್ಚು ಜನ ವೇಪ್ ಎಳೆಯುತ್ತಿದ್ದರು, 2024ಕ್ಕೆ ಅದು ಸುಮಾರು 16 ಲಕ್ಷಕ್ಕೆ ಇಳಿದಿತ್ತು.

ಕಾನೂನು ಯಾರ ಬೆನ್ನ ಹಿಂದೆ

ಕರ್ನಾಟಕ 2016ರ ಜೂನ್‌ನಲ್ಲೇ ಇ-ಸಿಗರೇಟ್ ಮಾರಾಟ ನಿಷೇಧಿಸಿತ್ತು. 2019ರ ಸೆಪ್ಟೆಂಬರ್ 18ರಂದು ಕೇಂದ್ರ ಸುಗ್ರೀವಾಜ್ಞೆಗೆ ಒಪ್ಪಿಗೆ ಕೊಟ್ಟಿತು, ಡಿಸೆಂಬರಿನಲ್ಲಿ ಅದು ಕಾಯ್ದೆಯಾಯಿತು. ತಯಾರಿಸುವುದು, ತರಿಸುವುದು, ಸಾಗಿಸುವುದು, ಮಾರುವುದು, ಹಂಚುವುದು, ಜಾಹೀರಾತು ಕೊಡುವುದು ಎಲ್ಲ ಅಪರಾಧ. ಮೊದಲ ಸಲ ಒಂದು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಮೂರು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ದಾಸ್ತಾನು ಇಟ್ಟುಕೊಳ್ಳಲು ಜಾಗ ಕೊಟ್ಟವರಿಗೆ ಆರು ತಿಂಗಳವರೆಗೆ ಜೈಲು ಅಥವಾ 50 ಸಾವಿರದವರೆಗೆ ದಂಡ ಅಥವಾ ಎರಡೂ. ಎಳೆದವನಿಗೆ ಇಷ್ಟು ಶಿಕ್ಷೆ ಎನ್ನುವ ಕಲಮು ಇದರಲ್ಲಿ ಇಲ್ಲ. ಕಾಯ್ದೆ ಬೆನ್ನಟ್ಟುವುದು ಮಾರುವವನನ್ನು. ಆದರೆ ಹುಡುಗರು ತಿಳಿಯದೆ ಗೆರೆ ದಾಟುತ್ತಾರೆ: ಒಂದು ತರಿಸಿ ಗೆಳೆಯನಿಗೆ ದುಡ್ಡಿಗೆ ಕೊಟ್ಟರೆ ಅದೂ ಮಾರಾಟವೇ.

ಸಾದಾ ತಂಬಾಕಿಗೆ ಬೇರೆ ಕಾಯ್ದೆಯಿದೆ, 2003ರದ್ದು. ರಾಜ್ಯ ಅದಕ್ಕೆ ತಂದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂದು, ತಂಬಾಕು ಕೊಳ್ಳುವ ವಯಸ್ಸು 18ರಿಂದ 21ಕ್ಕೆ ಏರಿದೆ, ಹುಕ್ಕಾ ಬಾರ್‌ಗಳಿಗೆ ಬೀಗ ಬಿದ್ದಿದೆ. ತಂಬಾಕಿನ ಅಂಗಡಿ ದೂರವಿರಲೆಂದು ಶಾಲೆಯ ಸುತ್ತ ಹಳದಿ ಗೆರೆ ಎಳೆಯಬೇಕೆಂಬ ಮಾರ್ಗಸೂಚಿಯೂ ಇದೆ. ನಮ್ಮ ಶಾಲೆಯ ಮುಂದಿನ ಗೆರೆ ಎರಡು ಮಳೆಗಾಲಕ್ಕೆ ಅಳಿಸಿಹೋಯಿತು, ಆಚೆಯ ಡಬ್ಬಿ ಅಂಗಡಿ ಅಲ್ಲೇ ಇದೆ. ವೇಪ್ ಮಾತ್ರ ಡಬ್ಬಿ ಅಂಗಡಿಯಿಂದ ಬಂದದ್ದಲ್ಲ. ಮೊಬೈಲಿನ ಗುಂಪೊಂದರಲ್ಲಿ ಫೋಟೋ, ಫೋನಿನಲ್ಲೇ ದುಡ್ಡು, ಗೆಳೆಯನ ಅಣ್ಣನ ಹೆಸರಿಗೆ ಪಾರ್ಸೆಲ್. ಆ ದಾರಿಗೆ ಹಳದಿ ಗೆರೆ ಎಳೆಯುವುದು ಹೇಗೋ ನನಗೆ ತೋಚಿಲ್ಲ.

ಸಿಕ್ಕಮೇಲೆ ಏನು

ಟೀಚರ್ಸ್ ರೂಮಿನಲ್ಲಿ ಎರಡು ಪಕ್ಷವಾಯಿತು. ಟಿಸಿ ಕೊಟ್ಟು ಕಳಿಸಿ ಎನ್ನುವವರು ಅರ್ಧ. ನಾನು ಬೇಡವೆಂದೆ. ಶಾಲೆ ಬಿಡಿಸಿದರೆ ಅವನು ಮನೆಯಲ್ಲಿ ಒಬ್ಬನೇ ಕೂತು ಇನ್ನೂ ಹೆಚ್ಚು ಎಳೆಯುತ್ತಾನೆ, ಅವನಿಗೆ ಕೊಟ್ಟವನು ಇನ್ನೊಬ್ಬನಿಗೆ ಕೊಡುತ್ತಾನೆ. ಕೊನೆಗೆ ಹೆಡ್‌ಮಾಸ್ತರರು ಒಂದು ತಿಂಗಳು ನೋಡೋಣ ಎಂದರು.

ಬಿಟ್ಟವರಿಗೆ ಮೊದಲ ಎರಡು ಮೂರು ದಿನ ಅತಿ ಕಷ್ಟದವು. ಸಿಟ್ಟು, ನಿದ್ದೆ ಬಾರದಿರುವುದು, ಎಷ್ಟು ತಿಂದರೂ ಹಸಿವು. ಎರಡರಿಂದ ನಾಲ್ಕು ವಾರದಲ್ಲಿ ಬಹುತೇಕ ಇಳಿಯುತ್ತದೆ. ಇದು ಮೊದಲೇ ಗೊತ್ತಿದ್ದರೆ ತಟ್ಟೆ ಎತ್ತಿ ಒಗೆದ ಮಗನನ್ನು ತಾಯಿ ಬೇರೆ ಕಣ್ಣಿನಿಂದ ನೋಡುತ್ತಾಳೆ. ಎಳೆಯಬೇಕೆನ್ನುವ ಆಸೆ ಅಲೆಯ ಹಾಗೆ ಬಂದು ಕೆಲವೇ ನಿಮಿಷದಲ್ಲಿ ಇಳಿಯುತ್ತದೆ, ಅಷ್ಟು ಹೊತ್ತು ಕೈಬಾಯಿಗೆ ಬೇರೆ ಕೆಲಸ ಬೇಕು. ನಮ್ಮ ಹುಡುಗ ಹುರಿಗಡಲೆ ಹಿಡಿದ. ದೊಡ್ಡವರಿಗೆ ಕೊಡುವ ನಿಕೋಟಿನ್ ಚೂಯಿಂಗ್ ಗಮ್ ಅನ್ನು ವೈದ್ಯರ ಮಾತಿಲ್ಲದೆ ಮಕ್ಕಳಿಗೆ ತಂದುಕೊಡಬೇಡಿ.

ತಂಬಾಕು ಬಿಡುವವರಿಗೆಂದೇ ಸರ್ಕಾರದ ಉಚಿತ ದೂರವಾಣಿ ಇದೆ, 1800-11-2356. ಮನಸ್ಸಿನ ಯಾವ ತೊಳಲಾಟಕ್ಕೂ ಟೆಲಿ-ಮಾನಸ್, 14416, ಕನ್ನಡದಲ್ಲೇ ಮಾತಾಡುತ್ತಾರೆ. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಇದೆ. ಹೆಸರು ಹೇಳಿದ ಕೂಡಲೇ ಆ ತಾಯಿ ಸೆರಗು ಬಾಯಿಗೆ ಹಿಡಿದರು: "ಹುಚ್ಚರ ದವಾಖಾನಿಗೆ ನನ್ನ ಮಗನ್ನ?" ನಮ್ಮ ಕಡೆ ಯಾರಾದರೂ ಅಡ್ಡಾದಿಡ್ಡಿ ಮಾತಾಡಿದರೆ "ಧಾರವಾಡಕ್ಕ ಕಳಸ್ರೀ ಇವನ್ನ" ಎಂದು ನಗುವ ಚಟ ಇದೆಯಲ್ಲ, ಅದರ ಬೆಲೆಯನ್ನು ಇಂಥ ತಾಯಂದಿರು ಕೊಡುತ್ತಾರೆ. ಸಕ್ಕರೆ ಕಾಯಿಲೆಗೆ ಹೋದ ಹಾಗೆ ಹೋಗಿ ಬನ್ನಿ, ಚೀಟಿ ಮಾಡಿಸಿ ಕೂತರೆ ಡಾಕ್ಟರು ಮಾತಾಡಿಸುತ್ತಾರೆ ಅಷ್ಟೇ ಎಂದು ನಾನೇ ಜೊತೆಗೆ ಹೋದೆ. ಚಿಗರಿ ಬಸ್ಸಿನಲ್ಲಿ ಮೂವರೂ ಕಿಟಕಿ ನೋಡುತ್ತ ಕೂತಿದ್ದೆವು. ಉಣಕಲ್ ಕೆರೆ ದಾಟಿದ ಮೇಲೆ ಅವನು ತಾಯಿಗೆ ತಾನಾಗಿ ಹೇಳತೊಡಗಿದ, ಯಾವಾಗ ಶುರುವಾಯಿತು, ಯಾರು ಮೊದಲು ಕೊಟ್ಟರು, ದುಡ್ಡು ಎಲ್ಲಿಂದ ತೆಗೆದ. ನಾನು ಕೇಳಿಸದವಳ ಹಾಗೆ ಕೂತಿದ್ದೆ.

ನಡುವೆ ಎರಡು ಸಲ ಜಾರಿದ. ಜಾರಿದ್ದನ್ನು ಬಂದು ಹೇಳಿದ. ಹೇಳಿದ್ದಕ್ಕೆ ಬೈಗುಳ ಸಿಗದಿದ್ದರೆ ಮಾತ್ರ ಮೂರನೆಯ ಸಲವೂ ಹೇಳುತ್ತಾರೆ ಎನ್ನುವುದನ್ನು ಡಾಕ್ಟರು ತಾಯಿಗೆ ಬಿಡಿಸಿ ಹೇಳಿದ್ದರು.

ಬಿಚ್ಚಿಟ್ಟಿದ್ದ ಸಾಧನವನ್ನು ಕಸದ ಗಾಡಿಗೆ ಹಾಕುವಂತಿರಲಿಲ್ಲ. ಬ್ಯಾಟರಿ ಹೊತ್ತಿಕೊಳ್ಳುತ್ತದೆ, ದ್ರವ ಸಣ್ಣ ಮಗುವಿನ ಬಾಯಿಗೆ ಹೋದರೆ ಜೀವಕ್ಕೆ ಅಪಾಯ. ಡಬ್ಬಿಯಲ್ಲಿ ಹಾಕಿ, ಹೆಡ್‌ಮಾಸ್ತರರ ಪತ್ರದೊಂದಿಗೆ ಹುಡುಗನ ಹೆಸರು ಬರೆಯದೆ ಪೊಲೀಸರಿಗೆ ಒಪ್ಪಿಸಿದೆವು. ಅದಾಗಿ ಒಂದು ವಾರಕ್ಕೆ ಅವನು ಲ್ಯಾಬಿನ ಬಾಗಿಲಲ್ಲಿ ನಿಂತು ಒಳಗೆ ಕಪಾಟಿನ ಕಡೆ ನೋಡುತ್ತ ಕೇಳಿದ.

"ಅದನ್ನ ಇಲ್ಲೇ ಇಟ್ಟೀರೇನ್ರಿ ಮೇಡಂ?"

"ಇಲ್ಲೋ. ಕೊಟ್ಟು ಬಂದ್ವಿ."

"ಚಲೋ ಆತ್ರಿ," ಎಂದ. "ಪ್ರಾಕ್ಟಿಕಲ್ ಇದ್ದಾಗೆಲ್ಲಾ ಕಪಾಟಿನ ಕಡೆನ ಲಕ್ಷ್ಯ ಹೋಗ್ತಿತ್ತು."